ಬ್ರೇಕಮ್ಮನ ಎಡಗಡೆ ಲಿವರು

ಏರಿನ ಮಧ್ಯದಲ್ಲಿ ಹೊಸ ಗಾಡಿ ಒಮ್ಮೆ ತಡವರಿಸಿತು. ಎಡಗಡೆಯ ಹಿಂದಿನ ಚಕ್ರ ಕೆಸರಿನಲ್ಲಿ ಗಿರ್ರನೆ ತಿರುಗಿತು, ಕೆಳಗಡೆ ಏನೋ ಗುರುಗುಟ್ಟಿತು, ಸ್ಟಿಯರಿಂಗ್ ಹಿಂದೆ ಒಂದು ಹಳದಿ ದೀಪ ಮಿನುಗಿತು. ಆಮೇಲೆ ಗಾಡಿ ಏನೂ ಆಗಿಲ್ಲವೆಂಬಂತೆ ಹತ್ತತೊಡಗಿತು. ಅಷ್ಟರಲ್ಲಿ ಬ್ರೇಕಮ್ಮನ ಬಲಗೈ ಸೀಟಿನ ಪಕ್ಕಕ್ಕೆ ಹೋಗಿ, ಅಲ್ಲಿಲ್ಲದ ಬ್ರೇಕ್ ಲಿವರನ್ನು ತಡಕಾಡಿ, ಕೊನೆಗೆ ನೀರಿನ ಬಾಟಲಿಯ ಕತ್ತು ಹಿಡಿದು ಎಳೆದುಬಿಟ್ಟಿತ್ತು.

"ಅದನ್ನ ಯಾಕಮ್ಮ ಕೀಳ್ತಿದೀಯ?" ಎಂದು ಗಾಡಿ ಓಡಿಸುತ್ತಿದ್ದ ಮಗಳು ನಕ್ಕಳು.

"ಏನೇ ಅದು ಗುರ್ರ್ ಅಂದಿದ್ದು?"

"ಗಾಡಿನೇ ಬ್ರೇಕ್ ಹಿಡೀತು. ಯಾವ ಚಕ್ರ ಜಾರ್ತಿದೆ ಅಂತ ಅದಕ್ಕೇ ಗೊತ್ತಾಗುತ್ತೆ. ಅದೊಂದನ್ನ ಹಿಡಿದ್ರೆ ಶಕ್ತಿ ಆಚೆ ಚಕ್ರಕ್ಕೆ ಹೋಗುತ್ತೆ."

"ಅಯ್ಯೋ, ಅದು ನನ್ನ ಕೆಲಸ ಕಣೇ!"

ಹಿಂದಿನ ಸೀಟಿನಲ್ಲಿದ್ದ ಮೈದುನ ಹೊಟ್ಟೆ ಹಿಡಿದುಕೊಂಡು ನಕ್ಕ. ಗುಡ್ಡದಾಚೆ ಗ್ಯಾರೇಜು ಇಟ್ಟುಕೊಂಡಿದ್ದ ಇವನಿಗೆ ಕೈಯಲ್ಲಿ ಕಸುಬಿತ್ತು, ಬಾಯಿಗೆ ಮಾತ್ರ ಬೀಗವಿರಲಿಲ್ಲ. ಅತ್ತಿಗೆಯ ಮನೆಯ ಹಳೆಯ ಜೀಪು ಅವನ ಶೆಡ್ಡಿನಲ್ಲಿ ತುಕ್ಕು ಹಿಡಿಯುತ್ತ ನಿಂತಿತ್ತು. ಅದನ್ನು ಇವತ್ತು ಕಟರ್ ಹಚ್ಚಿ ಕತ್ತರಿಸುವುದಿತ್ತು. ಅದಕ್ಕೆ ಮೊದಲು ಒಂದು ಸಲ ಕಣ್ಣಿಂದ ನೋಡಬೇಕೆಂದು ಬ್ರೇಕಮ್ಮ ಹಟ ಹಿಡಿದು ಹೊರಟಿದ್ದಳು.

"ಅತ್ತಿಗೆ, ಇಷ್ಟು ವರ್ಷ ಆಯ್ತು, ಈಗ ಹೇಳಿದ್ರೆ ಬೇಜಾರು ಮಾಡ್ಕೋಬಾರ್ದು. ಹಳೇ ಜೀಪಲ್ಲಿ ನಿಮ್ಮ ಕೈಗಿದ್ದ ಲಿವರ್ ಎಲ್ಲ ಬರೀ ನಾಟಕ. ಅಣ್ಣನೇ ನನ್ನ ಹತ್ರ ಹೇಳಿದ್ದ. 'ಅವಳಿಗೆ ಏರು ಕಂಡ್ರೆ ಜೀವ ಹೋಗುತ್ತೆ, ಕೈಗೊಂದು ಲಿವರ್ ಕೊಟ್ಟಿದೀನಿ, ಈಗ ಹೆದರಲ್ಲ' ಅಂತ. ಮೆಲ್ಲಗೆ ಬ್ರೇಕ್ ಪೆಡಲ್ ಒತ್ಕೊಂಡು ಜೀಪು ಹತ್ತಿಸ್ತಿದ್ದವನು ಅವನೇ."

ನಗು ಬರಬೇಕಿತ್ತು. ಬರಲಿಲ್ಲ. ಬ್ರೇಕಮ್ಮ ಬಾಟಲಿಯನ್ನು ಅದರ ಜಾಗದಲ್ಲಿಟ್ಟು ಕಿಟಕಿಯ ಕಡೆ ತಿರುಗಿ ಕೂತಳು.

ಅವರದು ಸಸಿಗಳ ನರ್ಸರಿ. ಗುಡ್ಡದ ಮೇಲೆ ಸಸಿ ನೆಡುವುದು ಮಳೆ ಹಿಡಿದ ಮೇಲೆಯೇ. ಹೀಗಾಗಿ ರಸ್ತೆ ಅತಿ ಕೆಟ್ಟಿರುವಾಗಲೇ ಜೀಪಿಗೆ ಮೈತುಂಬ ಕೆಲಸ. ಹೊಸದಾಗಿ ಮದುವೆಯಾಗಿ ಬಂದಾಗ, ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿ ಹೂತುಕೊಳ್ಳುವುದೇ ಇಲ್ಲವೆಂದು ಅವಳು ನಂಬಿದ್ದಳು. ಆ ನಂಬಿಕೆ ಮೊದಲ ಮಳೆಗಾಲಕ್ಕೇ ಕೆಸರು ಪಾಲಾಯಿತು. ಮುಂದಿನದೊಂದು, ಹಿಂದಿನದೊಂದು ಚಕ್ರ ಹುಚ್ಚೆದ್ದು ತಿರುಗುತ್ತಿದ್ದರೆ, ಗಟ್ಟಿ ನೆಲದ ಮೇಲಿದ್ದ ಉಳಿದೆರಡು ತಮಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ನಿಂತಿದ್ದವು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕೊರಕಲು. ಅವಳು ಸೀಟಿನಲ್ಲಿ ಮುದುಡಿ ಕೂತು ಅತ್ತಿದ್ದಳು.

"ಇದೆಲ್ಲ ಡಿಫರೆನ್ಶಿಯಲ್ ಮಹಾಶಯನ ಕೆಲಸ," ಎಂದಿದ್ದ ಗಂಡ, ಅಳು ನಿಲ್ಲಿಸಲೆಂದೇ ಇರಬೇಕು. "ತಿರುವಿನಲ್ಲಿ ಹೊರಗಿನ ಚಕ್ರ ಜಾಸ್ತಿ ಸುತ್ತಬೇಕು, ಒಳಗಿಂದು ಕಮ್ಮಿ. ಎರಡಕ್ಕೂ ಜಗಳ ಆಗ್ಬಾರ್ದು ಅಂತ ಇವನು ಅಚ್ಚಿನ ಮಧ್ಯ ಹಲ್ಲುಚಕ್ರ ಇಟ್ಕೊಂಡು ಕೂತಿದಾನೆ. ಒಳ್ಳೆಯವನೇ, ಆದ್ರೆ ಮೈಗಳ್ಳ. ಎಲ್ಲಿ ಸುಲಭವೋ ಆ ಕಡೆಗೇ ಓಡ್ತಾನೆ. ಜಾರೋ ಚಕ್ರ ಸುಮ್ನೆ ತಿರುಗುತ್ತೆ, ಹಿಡಿತ ಇರೋದು ಕೈಕಟ್ಟಿ ನಿಲ್ಲುತ್ತೆ."

ಅವಳು ಮೂಗು ಒರೆಸಿಕೊಂಡು ಕೇಳಿದ್ದಳು: "ಹಾಗಾದ್ರೆ ಜಾರೋದನ್ನ ಯಾರಾದ್ರೂ ಹಿಡ್ಕೊಂಡ್ರೆ?"

ಸ್ವಲ್ಪ ದಿನಕ್ಕೆ ಅವನೇ ಕೈಯಾರೆ ಮಾಡಿದ ಎರಡು ಲಿವರು ಸೀಟುಗಳ ನಡುವೆ ಬಂದು ಕೂತವು. ಹಿಂದಿನ ಎರಡು ಚಕ್ರದ ಬ್ರೇಕಿಗೆ ಒಂದೊಂದು, ಎರಡೂ ಅವಳ ಕೈಗೇ. ಅಂದಿನಿಂದ ನರ್ಸರಿಯ ಆಳುಗಳಿಗೆಲ್ಲ ಅವಳು ಬ್ರೇಕಮ್ಮ.

ತಲೆಗೆ ಬಟ್ಟೆ ಸುತ್ತಿಕೊಂಡು, ಕಿಟಕಿಯಿಂದ ಅರ್ಧ ಮೈ ಹೊರಗೆ ಚಾಚಿ ಅವಳು ಚಕ್ರ ನೋಡುವುದು; "ನಿನ್ನ ಕಡೆ!" ಎಂದು ಅವನು ಕೂಗುವುದು, ಅಷ್ಟರಲ್ಲಾಗಲೇ ಇವಳು ಎಳೆದಿರುವುದು, "ಬಿಡು ಬಿಡು!" ಎನ್ನುವಾಗ ಜೀಪು ಮೈಕೊಡವಿ ಮೇಲೆ ಬರುವುದು. ಒದ್ದೆ ಮಣ್ಣಿನ ವಾಸನೆ, ಹಿಂದುಗಡೆ ಸಸಿಗಳ ಸರಬರ. ಎಂಥ ದಿನಗಳು ಅವು! ಗಂಡ ಹೆಂಡತಿ ಮಾತು ಬಿಟ್ಟ ದಿನವೂ ಆ ಏರಿನಲ್ಲಿ ಈ ಎರಡು ಮಾತು ಆಡದೆ ವಿಧಿಯಿರಲಿಲ್ಲ. ಆಡಿದ ಮೇಲೆ ಮುಖ ಊದಿಸಿಕೊಂಡು ಕೂರುವುದು ಇಬ್ಬರಿಗೂ ಆಗುತ್ತಿರಲಿಲ್ಲ. ಅವರ ಮನೆಯ ಮುನಿಸೆಲ್ಲ ಮುಗಿಯುತ್ತಿದ್ದದ್ದು ಅಲ್ಲೇ.

ಅದೆಲ್ಲ ಅಳುವ ಮಗುವಿನ ಕೈಗೆ ಗಿಲಕಿ ಕೊಟ್ಟ ಹಾಗಾಯಿತೆ? ಅವನು ಒಬ್ಬನೇ ಹತ್ತಿಸುತ್ತಿದ್ದ, ತಾನು ಪಕ್ಕದಲ್ಲಿ ಕೂತು ಆಡಿಕೊಂಡಿದ್ದೆ ಎಂದಾದರೆ, ಜೊತೆಯಾಗಿ ದುಡಿದೆವು ಎಂದು ಇಷ್ಟು ವರ್ಷ ಹೆಮ್ಮೆಪಟ್ಟದ್ದೆಲ್ಲ ಏನು? ಅವನನ್ನು ಕೇಳೋಣವೆಂದರೆ ಅವನಿಲ್ಲ. ಬ್ರೇಕಮ್ಮನಿಗೆ ಗಂಡ ತೀರಿಕೊಂಡಾಗ ಆದ ಸಂಕಟವೇ ಬೇರೆ. ಇದು ಅವನನ್ನು ಇನ್ನೊಮ್ಮೆ ಕಸಿದುಕೊಂಡ ಹಾಗಿತ್ತು.

ಶೆಡ್ಡಿನಲ್ಲಿ ಜೀಪಿನ ಪಕ್ಕಕ್ಕೆ ಕಟರ್‌ನ ಗ್ಯಾಸ್ ಸಿಲಿಂಡರು ಆಗಲೇ ಬಂದು ನಿಂತಿತ್ತು. ಅವಳು ಸೀದಾ ಹೋಗಿ ತನ್ನ ಸೀಟಿನಲ್ಲಿ ಕೂತು ಎಡಗಡೆಯ ಲಿವರನ್ನು ಎಳೆದಳು. ಹಿಂದೆ ತೋಳಿನ ನರ ಸೆಟೆಯುವಷ್ಟು ಬಿಗಿಯಿದ್ದ ಲಿವರು ಈಗ ಸಡಿಲವಾಗಿ, ಸೊಪ್ಪಿನ ದಂಟಿನ ಹಾಗೆ ಎದ್ದು ಬಂತು. ಅದಕ್ಕೆ ಏನೂ ತಗುಲಿಕೊಂಡಿರಲಿಲ್ಲ.

ಮೈದುನ ಬೇರೆ ಕಡೆ ನೋಡಿದ. "ಅತ್ತಿಗೆ, ನಾನು ತಮಾಷೆಗೆ ಅಂದೆ, ಬಿಟ್ಹಾಕಿ."

"ನೀನು ತಮಾಷೆಗೆ ಅಂದಿದ್ದಲ್ಲ. ಹಿಂದಿನ ಚಕ್ರಗಳ ಬ್ರೇಕ್ ಡ್ರಮ್ ಬಿಚ್ಚು, ಒಳಗೆ ನೋಡೋಣ."

"ಬೇಡಮ್ಮ," ಎಂದಳು ಮಗಳು ಮೆಲ್ಲಗೆ. "ಏನಿದ್ರೂ ಈಗ ತಿಳ್ಕೊಂಡು ಏನ್ಮಾಡ್ತೀಯ?"

"ಸುಳ್ಳಾಗಿದ್ರೆ ಸುಳ್ಳು ಅಂತ ಗೊತ್ತಾಗ್ಲಿ. ಬಿಚ್ಚೋ."

ಬಲಗಡೆಯ ಡ್ರಮ್ಮು ಸುತ್ತಿಗೆಯ ಏಟಿಗೆ ಕಳಚಿಕೊಂಡಿತು. ಒಳಗಿನ ಬ್ರೇಕ್ ಶೂ ಮೇಲಿನ, ಬ್ರೇಕ್ ಹಿಡಿದಾಗೆಲ್ಲ ಡ್ರಮ್ಮಿಗೆ ಉಜ್ಜಿ ಸವೆಯುವ ಪಟ್ಟಿ ಇನ್ನೂ ದಪ್ಪವಾಗಿಯೇ ಇತ್ತು. ಎಡಗಡೆಯದು ಮೊಂಡಾಟ ಮಾಡಿತು. ಎಣ್ಣೆ ಬಿಟ್ಟು, ಕಾದು, ಬಡಿದು, ಬೈದ ಮೇಲೆ ಬಂತು. ಮೈದುನ ಕೈಬೆರಳಿಂದ ಶೂವನ್ನು ಸವರಿದ. ಮತ್ತೆ ಸವರಿದ. ಆಮೇಲೆ ಎದ್ದು ಹೋಗಿ ಬಲಗಡೆಯದನ್ನು ತಂದು ಎರಡನ್ನೂ ಬೆಳಕಿಗೆ ಹಿಡಿದ. ಎಡಗಡೆಯ ಪಟ್ಟಿ ರಿವೆಟ್ಟು ಕಾಣುವಷ್ಟು ಸವೆದುಹೋಗಿತ್ತು.

"ಏನೋ ಅದು?"

"ತಾಳಿ ಅತ್ತಿಗೆ." ಮೈದುನ ಎರಡು ಶೂಗಳನ್ನೂ ಅವಳ ಮುಂದೆ ಹಿಡಿದ. "ಕಾಲಲ್ಲಿ ಪೆಡಲ್ ಒತ್ತಿದ್ರೆ ಎರಡೂ ಕಡೆ ಒಂದೇ ಸಮ ಸವೀಬೇಕು. ಎರಡನ್ನೂ ಒಟ್ಟಿಗೇ ಹೊಸದು ನನ್ನ ಹತ್ರಾನೇ ತಗೊಂಡು ಹೋಗಿ ಅಣ್ಣ ಹಾಕಿದ್ದು."

"ಆ ಕಡೆ ಬ್ರೇಕ್ ಅಂಟ್ಕೊಂಡಿತ್ತೇನೋ?" ಎಂದಳು ಮಗಳು.

"ಅಂಟ್ಕೊಂಡಿದ್ರೆ ಡ್ರಮ್ ಸುಟ್ಟು ನೀಲಿಗಟ್ಟಿರೋದು. ಇಲ್ನೋಡು, ಎಲ್ಲೂ ಸುಟ್ಟ ಗುರುತಿಲ್ಲ." ಅವನು ಜೀಪಿನ ಕೆಳಗೆ ತೂರಿ, ಲಿವರಿನಿಂದ ಚಕ್ರಕ್ಕೆ ಹೋಗುವ, ತುಕ್ಕು ತಿಂದು ತುಂಡಾದ ಕೇಬಲ್ಲಿನ ತುದಿಯನ್ನು ಎಳೆದು ತೋರಿಸಿದ. "ಇಲ್ಲೇ ಇದೆ. ನಿಂತಲ್ಲೇ ನಿಂತು ಕಡಿದಿದೆ ಅಷ್ಟೇ. ಅತ್ತಿಗೆ, ಇದು ನಿಮ್ಮ ಕೈ ಸವೆಸಿರೋದು."

ಎಡಗಡೆಯೇ ಯಾಕೆಂದು ಯಾರೂ ಕೇಳಲಿಲ್ಲ. ಗುಡ್ಡದ ನೀರೆಲ್ಲ ಹರಿದು ಬರುತ್ತಿದ್ದದ್ದು ರಸ್ತೆಯ ಎಡಬದಿಗೇ ಎಂದು ಮೂವರಿಗೂ ಗೊತ್ತಿತ್ತು. ಬ್ರೇಕಮ್ಮ ಸವೆದ ಶೂವನ್ನು ಕೈಗೆ ತೆಗೆದುಕೊಂಡು ಬಿಕ್ಕಿಬಿಕ್ಕಿ ಅತ್ತಳು. ಮುಚ್ಚಿಡಲು ಹೋಗಲಿಲ್ಲ. ಅವಳಿಗೆ ಅಷ್ಟು ಸಂತೋಷವಾಗಿತ್ತು.

"ಮತ್ತೆ ಅಣ್ಣ ಯಾಕೆ ಹಾಗೆ ಹೇಳಿದ?" ಮೈದುನ ತಲೆ ಕೆರೆದುಕೊಂಡ.

"ಯಾವಾಗ ಹೇಳಿದ್ದು?"

"ಲಿವರ್ ಹಾಕಿದ ಹೊಸದ್ರಲ್ಲಿ."

"ಆಗ ಅದೂ ನಿಜವೇ ಕಣೋ," ಎಂದಳು ಅವಳು ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ. "ಹೆದರಬಾರ್ದು ಅಂತಲೇ ಕೊಟ್ಟ. ಆಮೇಲೆ ನಾನು ಕೆಲಸ ಕಲಿತೆ." ಶೂವನ್ನು ಜೀಪಿನ ಬಾನೆಟ್ಟಿನ ಮೇಲಿಟ್ಟಳು. "ಇನ್ನು ಬೇಕಾದ್ರೆ ಕತ್ತರಿಸು."

ವಾಪಸು ಬರುವಾಗ ತಾಯಿ ಮಗಳು ಇಬ್ಬರೇ. ಗುಡ್ಡದ ಈ ಮಗ್ಗುಲಿನಲ್ಲೂ ಅಂಥದೇ ಏರು, ಅಂಥದೇ ಕೆಸರು. ಬ್ರೇಕಮ್ಮ ಕಿಟಕಿಯ ಗಾಜು ಇಳಿಸಿ, ತುಂತುರು ಮಳೆಯಲ್ಲೇ ತಲೆ ಹೊರಗೆ ಹಾಕಿ ಹಿಂದಿನ ಚಕ್ರವನ್ನೇ ನೋಡುತ್ತ ಬಂದಳು. ಮಗಳು ಬೈಯಲಿಲ್ಲ. ತಿರುವು ಬಂತು.

"ಈಗ!" ಎಂದಳು ಬ್ರೇಕಮ್ಮ.

ಚಕ್ರ ಗಿರ್ರೆಂದಿತು. ಅದಾದ ಮೇಲೆ ಹಳದಿ ದೀಪ ಮಿನುಗಿತು, ಅದಾದ ಮೇಲೆ ಗಾಡಿ ಗುರುಗುಟ್ಟಿತು.

"ನೋಡಿದ್ಯಾ?" ಅವಳು ತಲೆ ಒಳಗೆ ತೆಗೆದುಕೊಂಡು, ಒದ್ದೆ ಕೂದಲು ಹಿಂದಕ್ಕೆ ಸರಿಸಿಕೊಂಡು, ನೆಮ್ಮದಿಯಿಂದ ಸೀಟಿಗೆ ಒರಗಿದಳು. "ತಡ ಮಾಡ್ತು. ನಿಮ್ಮಪ್ಪ ಆಗಿದ್ರೆ ಬೈದುಬಿಡ್ತಿದ್ದ."