ಗಾಂಜಾ ಗಿಡಕ್ಕೆ ಕುಬುಸ

ಲಂಡನ್ನಿನ ಈಸ್ಟ್ ಹ್ಯಾಮಿನ ಆ ಬೀದಿಯಲ್ಲಿ ವಿಜಯಾಳಂಥ ಪುಕ್ಕಲು ಹೆಂಗಸು ಇನ್ನೊಬ್ಬಳಿರಲಿಲ್ಲ. ಟಿಕೆಟ್ಟು ಪರ್ಸಿನಲ್ಲಿ ಭದ್ರವಾಗಿದ್ದರೂ ಟ್ಯೂಬ್ ರೈಲಿನಲ್ಲಿ ಇನ್‌ಸ್ಪೆಕ್ಟರ್ ಹತ್ತಿದರೆ ಬೆವರುವವಳು. ಅಂಥವಳು ಎರಡು ಸಾವಿರದ ಇಸವಿಯ ಬೇಸಿಗೆಯಲ್ಲಿ ತನ್ನ ಮನೆಯ ಹಿತ್ತಲಲ್ಲಿ, ಬೀನ್ಸ್ ಬಳ್ಳಿಯ ಮರೆಗೆ, ಆರು ಗಾಂಜಾ ಗಿಡ ಬೆಳೆಸಿದಳೆಂದರೆ ಎಷ್ಟು ಗತಿಗೆಟ್ಟಿರಬೇಕು ನೀವೇ ಊಹಿಸಿ. ಪೊಲೀಸರಿಗೆ ಗೊತ್ತಾದರೆ ಶಾಲೆಯ ಅಡುಗೆಮನೆಯ ಕೆಲಸ ಹೋಗುತ್ತಿತ್ತು, ಮಾನವೂ ಅದರ ಹಿಂದೆಯೇ ಹೋಗುತ್ತಿತ್ತು.

ಗತಿಗೆಡಿಸಿದ್ದು ಗಂಡನ ಕಾಲು. ಉಮಾಶಂಕರ ಟ್ಯೂಬ್ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುತ್ತಿದ್ದವನು, ಎಂ.ಎಸ್. ಎಂಬ ನರದ ರೋಗ ಹತ್ತಿ ಕೆಲವು ವರ್ಷಗಳಿಂದ ಗಾಲಿಕುರ್ಚಿಗೆ ಬಿದ್ದಿದ್ದ. ಕಾಲು ಸುಮ್ಮನೆ ಸತ್ತಂತೆ ಬಿದ್ದಿದ್ದರೆ ಹೇಗಾದರೂ ಎತ್ತಿ ಇಳಿಸಬಹುದಿತ್ತು. ಅವು ಹಾಗೆ ಬೀಳುತ್ತಿರಲಿಲ್ಲ. ಇದ್ದಕ್ಕಿದ್ದಂತೆ ಸೆಟೆದು, ಒಂದರೊಳಗೊಂದು ಹೆಣೆದುಕೊಂಡು, ಅವನನ್ನು ಕುರ್ಚಿಯಿಂದ ಜಾರಿಸಿಬಿಡುತ್ತಿದ್ದವು. ಅವನು ಹಲ್ಲು ಕಚ್ಚಿ ನರಳುತ್ತಿದ್ದ. ಜಿ.ಪಿ. ಡಾಕ್ಟರು ಕೊಟ್ಟ ಮಾತ್ರೆಗೆ ಕಾಲು ಬಗ್ಗಲಿಲ್ಲ, ಮಾತು ಮಾತ್ರ ತೊದಲಿತು. ಆ ಬೇಸಿಗೆಯ ಮೊದಲಿಗೆ ಕೌನ್ಸಿಲ್ಲಿನ ಸಮಾಜ ಕಲ್ಯಾಣ ವಿಭಾಗದಿಂದ ಬಂದ ಹೆಂಗಸು ನೋಡಿ ಹೋಗುವಾಗ ಮೆತ್ತಗೆ ಹೇಳಿದ್ದಳು: ಹೀಗೇ ಆದರೆ ಒಬ್ಬಳ ಕೈಯಲ್ಲಿ ಇವರನ್ನು ನೋಡಿಕೊಳ್ಳುವುದು ಆಗುವುದಿಲ್ಲ, ನರ್ಸಿಂಗ್ ಹೋಮಿಗೆ ಸೇರಿಸಬೇಕಾಗುತ್ತದೆ, ಕ್ರಿಸ್‌ಮಸ್ಸಿಗೆ ಮೊದಲು ಮತ್ತೆ ಬಂದು ತೀರ್ಮಾನ ಮಾಡುತ್ತೇನೆ.

ಹಿಂದಿನ ಚಳಿಗಾಲ ಅವಳನ್ನು ಕಾಪಾಡಿದ್ದು ಶಾಲೆಯ ಅಡುಗೆಮನೆಯ ಜೊತೆಗಾತಿಯೊಬ್ಬಳು ಗುಟ್ಟಾಗಿ ಕೊಟ್ಟ ಗಾಂಜಾ. ವಿಜಯಾ ಅದನ್ನು ತುಪ್ಪದಲ್ಲಿ ಕಾಯಿಸಿ ಚಹಾಕ್ಕೆ ಹಾಕಿ ಕುಡಿಸಿದಳು. ಅವತ್ತು ಸಂಜೆ ಉಮಾಶಂಕರನ ಕಾಲು ಹಿಟ್ಟಿನ ಕಣಕದಂತೆ ಮೆತ್ತಗಾಗಿದ್ದವು. ಅವಳೊಬ್ಬಳೇ ಎತ್ತಿ ಕೂರಿಸಿದಳು, ಸ್ನಾನ ಮಾಡಿಸಿದಳು, ಅವನು ಎಷ್ಟೋ ದಿನಗಳ ನಂತರ ನಕ್ಕ. ಆ ಜೊತೆಗಾತಿ ಕೆಲಸ ಬಿಟ್ಟು ವೇಲ್ಸಿಗೆ ಹೊರಟಾಗ ಒಂದು ಹಿಡಿ ಬೀಜ ಕೈಗಿಟ್ಟು ಹೋದಳು. ಈ ಚಳಿಗಾಲ ಗಂಡ ಮನೆಯಲ್ಲಿ ಉಳಿಯಬೇಕಾದರೆ ಈ ಗಿಡ ಉಳಿಯಬೇಕು. ವಿಜಯಾಳ ತಲೆಯಲ್ಲಿ ಬೇರೆ ಯೋಚನೆಯೇ ಇರಲಿಲ್ಲ.

ಉಳಿಸುವುದೇನು ಸುಲಭವಾಗಿತ್ತೇ? ಜೂನಿನಲ್ಲಿ ಎಲೆಯಡಿ ಹಸಿರು ಹೇನು ಮುತ್ತಿತು. ಸಾಬೂನು ನೀರಿಗೆ ಬೇವಿನೆಣ್ಣೆ ಬೆರೆಸಿ ಒಂದೊಂದೇ ಎಲೆ ಮಗುಚಿ ಒರೆಸಿದಳು. ಹೇನು ಹೋಯಿತೆನ್ನುವಷ್ಟರಲ್ಲಿ ಚಿಪ್ಪಿಲ್ಲದ ಬಸವನಹುಳುಗಳು ಬುಡಕ್ಕೆ ಬಾಯಿ ಹಾಕಿದವು. ತಟ್ಟೆಯಲ್ಲಿ ಬೀರು ಇಟ್ಟರೆ ಅದರಲ್ಲಿ ಬಿದ್ದು ಸಾಯುತ್ತವೆಂದು ಯಾರೋ ಹೇಳಿದ್ದನ್ನು ನಂಬಿ, ತಲೆಗೆ ಸೆರಗು ಹೊದ್ದು ಒಂದು ಕ್ಯಾನು ಬೀರು ತಂದಳು. ಲಿಂಗ ಕಟ್ಟಿಕೊಂಡವರ ಮನೆಗೆ ಹೆಂಡ ಬಂತೆಂದು ಅತ್ತೆ ಕಾಶವ್ವ ಒಂದು ಹೊತ್ತು ಉಪವಾಸ ಕೂತಳು. ಮುಂದಿನ ಹೊತ್ತಿಗೆ ಒಂದು ರೊಟ್ಟಿ ಹೆಚ್ಚಿಗೆ ತಿಂದದ್ದು ಬೇರೆ ಮಾತು.

ಕಾಶವ್ವ ಸಿಂದಗಿ ಕಡೆಯವಳು. ಮಗನ ಸಂಸಾರಕ್ಕೆ ಬಂದು ಸೇರಿ ಹದಿನೈದು ವರ್ಷದ ಮೇಲಾಗಿತ್ತು. ಲಂಡನ್ನಿನಲ್ಲಿ ಅವಳಿಗೆ ಯಾವುದೂ ಸರಿಬರುತ್ತಿರಲಿಲ್ಲ, ಎಲ್ಲಕ್ಕಿಂತ ಹೆಚ್ಚಾಗಿ ಸೊಸೆ. ಹಿತ್ತಲ ಗಿಡ ಏನೆಂದು ತಿಳಿದ ದಿನ ರಾದ್ಧಾಂತ ಮಾಡುತ್ತಾಳೆಂದು ವಿಜಯಾ ಉಸಿರು ಬಿಗಿಹಿಡಿದಿದ್ದಳು. ಕಾಶವ್ವ ಬೈಯುವುದಿರಲಿ, ಗಿಡಕ್ಕೆ ಕೈ ಮುಗಿದಳು. ಅವಳ ತವರಿನ ಹತ್ತಿರದ ಮಠದಲ್ಲಿ ಸಾಧುಗಳು ಇದನ್ನೇ ಚಿಲುಮೆಗೆ ತುಂಬಿ ಸೇದುತ್ತಿದ್ದರಂತೆ, ಭಕ್ತರಿಗೆ ಪ್ರಸಾದವೆಂದು ಕೊಡುತ್ತಿದ್ದರಂತೆ. ಇದು ಶಿವನ ಪತ್ರಿ, ಇದರಿಂದ ನನ್ನ ಮಗ ಎದ್ದು ನಿಲ್ಲುತ್ತಾನೆ ಎಂದಳು. ವಿಜಯಾಳಿಗೆ ಎದೆ ಹಗುರಾಯಿತು. ಹಗುರಾಗಬಾರದಿತ್ತು, ಏಕೆಂದರೆ ಅಂದಿನಿಂದ ಗಿಡ ಅತ್ತೆಯದಾಯಿತು.

ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಗಿಡಗಳು ಆಳೆತ್ತರಕ್ಕೆ ಬೆಳೆದು, ಕೊಂಬೆಯ ತುದಿಗೆಲ್ಲ ದಪ್ಪ ದಪ್ಪ ಹೂಗೊನೆ ತುಂಬಿ ಬಾಗಿದವು. ಒಂದು ಬೆಳಿಗ್ಗೆ ವಿಜಯಾ ಹುಳ ಆರಿಸಲು ಹೋದವಳು, ಎಲ್ಲಕ್ಕಿಂತ ದೊಡ್ಡ ಗೊನೆಯ ನಡುವೆ ಒಂದೇ ಒಂದು ಎಲೆ ಒಣಗಿ ನಿಂತದ್ದನ್ನು ಕಂಡಳು. ಎಳೆದರೆ ಬೇರೇ ಇಲ್ಲದಂತೆ ಕೈಗೆ ಬಂತು. ಗೊನೆಯನ್ನು ಬಿಡಿಸಿ ನೋಡಿದಳು. ಹಸಿರು ಹುಳವೊಂದು ಒಳಗೆ ಕೊರೆದು ಹಿಕ್ಕೆ ಹಾಕಿತ್ತು, ಹಿಕ್ಕೆಯ ಸುತ್ತ ಬೂದು ಬೂಸ್ಟು ಹಿಡಿದಿತ್ತು.

ಈ ಬೂಸ್ಟು ಅವಳಿಗೆ ಗೊತ್ತಿದ್ದದ್ದೇ. ಅವಳು ತಿಕೋಟಾದ ದ್ರಾಕ್ಷಿ ತೋಟದಲ್ಲಿ ಬೆಳೆದವಳು. ಒತ್ತಾಗಿ ಕಟ್ಟಿದ ಗೊನೆಯೊಳಗೆ ಮಳೆನೀರು ಹೊಕ್ಕರೆ ಹೊರಗೆ ಹಣ್ಣು ಫಳಫಳ ಹೊಳೆಯುತ್ತಿರುವಾಗಲೇ ಒಳಗೆ ಕೊಳೆತಿರುತ್ತದೆ. ಆಗ ಅಪ್ಪ ಮುಹೂರ್ತ ನೋಡುತ್ತಿರಲಿಲ್ಲ, ಸಿಕ್ಕಷ್ಟು ಆಳು ಕರೆದು ಅವತ್ತೇ ಕೊಯ್ಯಿಸುತ್ತಿದ್ದ. ವಿಜಯಾ ಒಳಗೆ ಓಡಿ ಕತ್ತರಿ ತಂದಳು.

ಕಾಶವ್ವ ಹಿತ್ತಲ ಬಾಗಿಲಿಗೆ ಅಡ್ಡ ನಿಂತಳು. ಸೀಗೆ ಹುಣ್ಣಿಮೆಗೆ ಇನ್ನೂ ಎರಡು ವಾರವಿತ್ತು. ಅವಳ ಊರಲ್ಲಿ ಆ ಹುಣ್ಣಿಮೆಯ ದಿನ ಹೊಲದ ಪೈರನ್ನು ಬಸುರಿಯೆಂದು ಪೂಜಿಸಿ, ಉಡಿ ತುಂಬಿ, ಮಾಡಿದ ಅಡುಗೆಯನ್ನೆಲ್ಲ ಹೊಲದ ತುಂಬ ಚರಗ ಚೆಲ್ಲಿ, ಭೂಮಿತಾಯಿಗೆ ಉಣಿಸಿದ ಮೇಲೆಯೇ ಕುಡುಗೋಲು ಹಿಡಿಯುವುದು.

"ಬಸರ ಪೈರಿಗೆ ಉಣಸಲಾರದ ಕತ್ತರಿ ಹಚ್ಚತೀಯೇನ?" ಎಂದಳು ಕಾಶವ್ವ. "ನಮ್ಮ ಮನಿತನದಾಗ ಇದು ನಡದಿಲ್ಲ."

"ಅತ್ತಿ, ಇದು ಜ್ವಾಳ ಅಲ್ಲರಿ. ದ್ರಾಕ್ಷಿ ಗೊನಿ ಇದ್ದಂಗ. ಹುಣ್ಣಿವಿ ತನ ಬಿಟ್ರ ಒಂದೂ ಉಳಿಯಂಗಿಲ್ಲ."

ಒಣ ಬೇಸಾಯದ ಮನೆಯವರಿಗೆ ಮಳೆ ಎಂದರೆ ಭಾಗ್ಯ. ಮಳೆಯಿಂದ ಕೆಡುವ ಬೆಳೆಯೂ ಒಂದಿದೆ ಎಂದರೆ ಕಾಶವ್ವನ ತಲೆಗೆ ಹೇಗೆ ಹೊಕ್ಕೀತು? ದ್ರಾಕ್ಷಿಯವರಿಗೆ ದುಡ್ಡಿನ ಅವಸರ ಎಂದು ಮೂಗು ಮುರಿದಳು. ವಿಜಯಾ ಅತ್ತೆಯನ್ನು ಸರಿಸಿಯಾದರೂ ಹೋಗುತ್ತಿದ್ದಳೇನೋ. ಅಷ್ಟರಲ್ಲಿ ಒಳಗಿನಿಂದ ಉಮಾಶಂಕರನ ದನಿ ಬಂತು.

"ಅವ್ವ ಹೇಳಿದ್ದ ಆಗಲಿ. ಅದಕ್ಕೂ ಮದಲ ಕೊಯ್ದರ ನಾ ಅದನ್ನ ಬಾಯಾಗ ಹಾಕ್ಕೊಳ್ಳಂಗಿಲ್ಲ."

ದೇವರ ಮುಂದೆ ಒಂದು ಊದುಬತ್ತಿ ಹಚ್ಚಿದವನಲ್ಲ ಅವನು. ಆದರೆ ಉಣ್ಣಲು, ಉಡಲು, ಮಗ್ಗುಲು ಬದಲಿಸಲು ಎಲ್ಲದಕ್ಕೂ ಹೆಂಡತಿಯ ಕೈ ಕಾಯಬೇಕಾದವನಿಗೆ, ಬೇಡ ಎನ್ನುವ ಒಂದು ಅಧಿಕಾರವಾದರೂ ಉಳಿದಿತ್ತು. ಅದನ್ನು ಅವನು ಇಲ್ಲಿ ಚಲಾಯಿಸಿದ. ವಿಜಯಾಳಿಗೆ ಅದು ಅರ್ಥವಾಯಿತು. ಅರ್ಥವಾದದ್ದಕ್ಕೇ ಸಿಟ್ಟು ಇಮ್ಮಡಿಯಾಯಿತು. ಕೊಯ್ದು ಏನು ಮಾಡುವುದು, ಕುಡಿಯುವವನೇ ಒಲ್ಲೆನೆಂದ ಮೇಲೆ? ಕತ್ತರಿಯನ್ನು ಮತ್ತೆ ಒಳಗಿಟ್ಟಳು.

ಮುಂದಿನ ದಿನಗಳಲ್ಲಿ ಅವಳು ಪಟ್ಟ ಪಾಡು ಕೇಳಬೇಡಿ. ಬಚ್ಚಲಿನ ಪ್ಲಾಸ್ಟಿಕ್ ಪರದೆಯನ್ನು ಕೋಲಿಗೆ ಕಟ್ಟಿ ಚಪ್ಪರ ಮಾಡಿದಳು, ಗಾಳಿ ಅದನ್ನು ಪಕ್ಕದ ಮನೆಯ ಹಿತ್ತಲಿಗೆ ಹಾರಿಸಿತು. ಗಾಳಿಯಾಡಲೆಂದು ಅಗಲ ಎಲೆಗಳನ್ನೆಲ್ಲ ಸವರಿದಳು. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಕೊಂಬೆ ಕೊಂಬೆ ಅಲುಗಿಸಿ ನೀರು ಕೊಡವಿದಳು, ಹುಳ ಹೆಕ್ಕಿದಳು, ಬೂಸ್ಟು ಕಂಡಲ್ಲೆಲ್ಲ ಉಗುರಿನಿಂದ ಚಿವುಟಿ ಚೀಲಕ್ಕೆ ಹಾಕಿದಳು. ಆ ವರ್ಷದ ಅಕ್ಟೋಬರ್ ಮಳೆಯನ್ನು ಕಂಡವರಿಗೆ ಹೇಳಬೇಕಾಗಿಲ್ಲ. ಕೆಂಟಿನಲ್ಲಿ, ಸಸೆಕ್ಸಿನಲ್ಲಿ ಊರೂರೇ ಮುಳುಗಿದ್ದನ್ನು ಟಿ.ವಿ.ಯಲ್ಲಿ ತೋರಿಸುತ್ತಿದ್ದರು. ಕಾಶವ್ವ ಅದನ್ನು ನೋಡಿ ಈ ದೇಶದವರು ಪುಣ್ಯವಂತರು ಎನ್ನುತ್ತಿದ್ದಳು. ವಿಜಯಾ ಕೊಡೆ ಹಿಡಿದು ಮತ್ತೆ ಹಿತ್ತಲಿಗೆ ಹೋಗುತ್ತಿದ್ದಳು.

ಹುಣ್ಣಿಮೆ ಬಂತು. ಕಾಶವ್ವ ನಸುಕಿನಲ್ಲೇ ಎದ್ದು ಹೋಳಿಗೆ, ಕಡಬು, ಸಜ್ಜೆ ರೊಟ್ಟಿ, ಪುಂಡಿಪಲ್ಯ ಎಲ್ಲ ಮಾಡಿದಳು. ಗಿಡಕ್ಕೆ ಹಸಿರು ಕುಬುಸದ ಕಣ ಸುತ್ತಿ, ಹಸಿರು ಬಳೆಯನ್ನು ಕೊಂಬೆಗೆ ತೊಡಿಸಿ, ಬುಡಕ್ಕೆ ಅಕ್ಕಿ, ಕೊಬ್ಬರಿ ಬಟ್ಟಲು ಇಟ್ಟು ಉಡಿ ತುಂಬಿದಳು. ಏಳು ತಿಂಗಳ ಬಸುರಿಗೆ ಕುಬುಸ ಮಾಡುವಾಗ ಹೇಗೋ ಹಾಗೇ, ಒಂದೂ ಕುಂದಿಲ್ಲದಂತೆ. ಉಮಾಶಂಕರ ಬಾಗಿಲಲ್ಲಿ ಕುರ್ಚಿಯ ಮೇಲೆ ಕೂತು ನೋಡುತ್ತಿದ್ದ, ಅವನ ಕಣ್ಣು ತುಂಬಿದ್ದವು. ವಿಜಯಾ ಹಿಂದೆ ನಿಂತು ಆ ಹಸಿರು ಬಳೆಯನ್ನೇ ನೋಡಿದಳು.

ಚರಗ ಚೆಲ್ಲಿ ಮುಗಿದ ಮೇಲೆ ಕಾಶವ್ವ ಗತ್ತಿನಿಂದ, ಈಗ ಕೊಯ್ಯಿ ಎಂದಳು. ವಿಜಯಾ ಮೊದಲ ಗೊನೆಯನ್ನು ಕತ್ತರಿಸಿ ಎರಡು ಹೋಳು ಮಾಡಿದಳು. ಬೂದುಬಣ್ಣದ ಪುಡಿ ಭಸ್ ಎಂದು ಮೇಲೆದ್ದು ಅವಳ ಮುಖಕ್ಕೆ ಹೊಡೆಯಿತು. ಎರಡನೆಯದೂ ಹಾಗೇ. ಮೂರನೆಯದರ ನಡುದಂಟು ಕೈಯಲ್ಲಿ ಲೋಳೆಯಾಗಿ ಬಂತು. ಆರೂ ಗಿಡ ಜಾಲಾಡಿದ ಮೇಲೆ ಬುಡದ ಕೊಂಬೆಗಳಲ್ಲಿ ಒಂದು ಬೊಗಸೆಯಷ್ಟು ಸಣ್ಣ ಹೂ ಚೊಕ್ಕಟವಾಗಿ ಸಿಕ್ಕವು. ಚಳಿಗಾಲ ಎಲ್ಲಿ ಬಂತು, ಒಂದು ವಾರಕ್ಕೂ ಸಾಲದಷ್ಟು.

ಕೊಳೆತದ್ದನ್ನೇ ತೊಳೆದು ಒಣಗಿಸಿ ಕೊಡು ಎಂದಳು ಕಾಶವ್ವ. ಬೂಸ್ಟು ಹೊಟ್ಟೆಗೆ ಹೋದರೆ ಈ ಮೈಯಲ್ಲಿ ತಡೆಯುವ ಶಕ್ತಿ ಇಲ್ಲ, ಸತ್ತೇ ಹೋಗುತ್ತಾರೆ ಎಂದು ವಿಜಯಾ ಚೀಲದ ಬಾಯಿ ಕಟ್ಟಿದಳು. ಆಗ ಕಾಶವ್ವ, ತಪ್ಪು ಯಾರ ತಲೆಗಾದರೂ ಕಟ್ಟಲೇಬೇಕಲ್ಲ, ಕಟ್ಟಿದಳು.

"ನಿನ್ನ ಕೈಗುಣಾನ ಅಂಥಾದ್ದು. ನೀ ಹೊತ್ತದ್ದು ಯಾವುದು ನೆಟ್ಟಗ ನೆಲ ಕಂಡೈತಿ?"

ವಿಜಯಾ ಕೈ ತೊಳೆದುಕೊಳ್ಳುತ್ತಿದ್ದವಳು ನಲ್ಲಿ ನಿಲ್ಲಿಸಿದಳು. ಅವಳು ಹೊತ್ತದ್ದು ಒಂದೇ. ಕಾಶವ್ವ ಬಂದ ಮರುವರ್ಷ. ಆಗ ವಿಜಯಾ ಸ್ಟ್ರಾಟ್‌ಫರ್ಡಿನ ಬಟ್ಟೆ ಕಾರ್ಖಾನೆಯಲ್ಲಿ ದಿನವಿಡೀ ನಿಂತು ಇಸ್ತ್ರಿ ಮಾಡುತ್ತಿದ್ದಳು. ಏಳನೆಯ ತಿಂಗಳಲ್ಲಿ ಕಾಲು ಬಾತು, ಕೆಲಸ ಬಿಡುತ್ತೇನೆಂದಾಗ, ಊರಲ್ಲಿ ಹೆಂಗಸರು ಹೆರುವ ದಿನದವರೆಗೂ ಹೊಲದಲ್ಲಿರುತ್ತಾರೆ ಎಂದು ಅತ್ತೆ ನಕ್ಕಿದ್ದಳು. ಗಂಡ ಪೇಪರ್ ಓದುತ್ತಿದ್ದ. ಅವಳು ಕುಬುಸದ ಮಾತೆತ್ತಿದ್ದಕ್ಕೆ, ಈ ಊರಲ್ಲಿ ಯಾರಿದ್ದಾರೆ ನೋಡಲಿಕ್ಕೆ ಎಂದು ತಾಯಿ ಮಗ ಇಬ್ಬರೂ ತಳ್ಳಿಹಾಕಿದ್ದರು. ಇಸ್ತ್ರಿ ಮೇಜಿನ ಪಕ್ಕದಲ್ಲೇ ನೋವು ಶುರುವಾಗಿತ್ತು. ಗಂಡು ಕೂಸು, ಉಸಿರಾಡಲಿಲ್ಲ.

"ಗಿಡಕ್ಕ ಕುಬಸ ಮಾಡಿದ್ರಿ, ಅತ್ತಿ," ಎಂದಳು ವಿಜಯಾ. ದನಿ ಏರಲಿಲ್ಲ. "ನನಗ ಒಂದು ಹಸರ ಬಳಿ ಹಾಕಲಿಲ್ಲ."

ಕಾಶವ್ವ ಪಾತ್ರೆ ಎತ್ತಿಕೊಂಡು ಒಳಗೆ ನಡೆದಳು. ಉಮಾಶಂಕರ ಮಾತ್ರ, ಹಳೇದನ್ನು ಈಗ ಯಾಕೆ ತೆಗೆಯುತ್ತಿ, ಹಬ್ಬದ ದಿನ ಎಂದ. ಅವಳು ಅವನ ಕುರ್ಚಿಯನ್ನು ಒಳಗೆ ತಳ್ಳಿದಳು, ಹೋಳಿಗೆ ಮುರಿದು ತಿನ್ನಿಸಿದಳು, ಬಾಯಿ ಒರೆಸಿದಳು. ಅಭ್ಯಾಸವಾದ ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು.

ನವೆಂಬರಿನ ಚಳಿಗೆ ಕಾಲು ಮೊದಲಿಗಿಂತ ಕೆಟ್ಟದಾಗಿ ಸೆಟೆಯತೊಡಗಿದವು. ಎರಡು ಸಲ ಅವನನ್ನು ಎತ್ತಲು ಹೋಗಿ ಇಬ್ಬರೂ ನೆಲಕ್ಕೆ ಬಿದ್ದರು. ಕೌನ್ಸಿಲ್ಲಿನ ಹೆಂಗಸು ಹೇಳಿದಂತೆ ಬಂದಳು, ಕೋಟು ಬಿಚ್ಚದೆ ಸೋಫಾದ ತುದಿಯಲ್ಲಿ ಕೂತಳು. ಇವರನ್ನು ಮನೆಯಲ್ಲೇ ಒಬ್ಬಳೇ ನೋಡಿಕೊಳ್ಳಲು ನಿನ್ನಿಂದ ಆಗುತ್ತದೆಯೇ ಎಂದು ಕೇಳಿದಳು. ವಿಜಯಾ ಬಾಯಿ ತೆರೆಯುವ ಮೊದಲೇ ಉಮಾಶಂಕರ ಇಂಗ್ಲಿಷಿನಲ್ಲಿ ತೊದಲಿದ: ಆಗುತ್ತದೆ, ಅವಳು ಯಾವಾಗಲೂ ಮಾಡಿದ್ದಾಳೆ. ಕಾಶವ್ವನಿಗೆ ಭಾಷೆ ತಿಳಿಯದಿದ್ದರೂ ಮಗನ ಮುಖ ನೋಡಿ ಜೋರಾಗಿ ತಲೆಯಾಡಿಸಿದಳು.

ಬೇಸಿಗೆಯುದ್ದಕ್ಕೂ ಗಿಡದ ಬುಡದಲ್ಲಿ ಕೂತು ವಿಜಯಾ ಈ ಪ್ರಶ್ನೆಗೆ ಉತ್ತರವನ್ನು ಬಾಯಿಪಾಠ ಮಾಡಿದ್ದಳು. ಬೆನ್ನು ಮುರಿದರೂ ಸರಿ, ಆಗುತ್ತದೆ ಎಂದೇ ಹೇಳುವುದು, ಸುಳ್ಳಾದರೂ ಹೇಳುವುದು. ಈಗ ಆ ಸುಳ್ಳಿಗಾಗಿ ಒಳಗೆ ತಡಕಾಡಿದಳು. ಅದು ಸಿಗಲಿಲ್ಲ.

ಇಲ್ಲ, ನನ್ನಿಂದ ಆಗುವುದಿಲ್ಲ ಎಂದಳು. ಬಂದ ಹೆಂಗಸು ತಲೆ ತಗ್ಗಿಸಿದಳು. ಉಮಾಶಂಕರ ಹೆಂಡತಿಯತ್ತ ತಿರುಗಲು ಪ್ರಯತ್ನಿಸಿದ, ಕತ್ತು ಅರ್ಧಕ್ಕೇ ನಿಂತಿತು.

"ಏನಂದ್ಲು? ಏನಂದಿ ನೀ?" ಕಾಶವ್ವ ಗಾಬರಿಯಿಂದ ಇಬ್ಬರನ್ನೂ ನೋಡಿದಳು.

ವಿಜಯಾ ಅತ್ತೆಯ ಮುಖ ನೋಡಿಯೇ ಹೇಳಿದಳು: "ನಿಮ್ಮ ಮಗನ್ನ ಕರ್ಕೊಂಡ ಹೋಗ್ರಿ ಅಂತ ಇವ್ರಿಗೆ ಅಂದೆ, ಅತ್ತಿ."

ಮುದುಕಿ ಎದೆ ಬಡಿದುಕೊಂಡು ಅತ್ತಳು. ಉಮಾಶಂಕರನೂ ಅತ್ತ. ವಿಜಯಾ ತನಗೂ ಅಳು ಬರುತ್ತದೆಂದು ಕಾದಳು. ಬರಲಿಲ್ಲ. ಗಂಡನನ್ನು ಕಳಿಸುವುದಕ್ಕಿಂತ ಹೆಚ್ಚಾಗಿ ಅವಳ ಹೊಟ್ಟೆ ಉರಿಸಿದ್ದು ಅದೇ.