ಮೈಕಿನ ಬೆನ್ನು

ನೆಂಟರ ಮಕ್ಕಳೆಲ್ಲ ಅವನನ್ನು ಕರೆಯುತ್ತಿದ್ದುದು ‘ಶ್ ಮಾಮ’ ಎಂದು. ಮನೆಯ ಹಿಂದಿನ ಕೋಣೆಯ ಗೋಡೆಗಳಿಗೆ ಸ್ಪಂಜು ಬಡಿದು ಸ್ಟುಡಿಯೋ ಮಾಡಿಕೊಂಡಿದ್ದ. ಪಾಠ ಓದುವವರು, ಜಾಹೀರಾತು ಹೇಳುವವರು ಅಲ್ಲಿಗೇ ಬರುತ್ತಿದ್ದರು. ರೆಕಾರ್ಡಿಂಗ್ ಶುರುವಾಗಿ ಬಾಗಿಲ ಮೇಲಿನ ಕೆಂಪು ದೀಪ ಹತ್ತಿತೆಂದರೆ ಮನೆಯಲ್ಲಿ ಚಮಚ ಕೂಡ ಬೀಳುವಂತಿಲ್ಲ. ಹೆಂಡತಿ ಬಾಯಿ ತೆರೆದರೆ ಸಾಕು, ಒಳಗಿನಿಂದ ‘ಶ್!’ ಅವಳೇನು ಕಡಿಮೆ ಮಾತುಗಾರ್ತಿಯೇ? ಅರಳು ಹುರಿದಂತೆ ಮಾತಾಡುವವಳು, ಪಾಪ, ತನ್ನ ಮನೆಯಲ್ಲೇ ತುದಿಗಾಲಲ್ಲಿ ಓಡಾಡುವುದನ್ನು ಕಲಿತಳು.

ಈಗ ಅವಳಿಗೆ ಧ್ವನಿಯೇ ಇಲ್ಲ. ಗಂಟಲಲ್ಲಿ ಗಡ್ಡೆ, ತುರ್ತು ಆಪರೇಷನ್. ಜೀವ ಉಳಿಯಿತು, ಧ್ವನಿಪೆಟ್ಟಿಗೆ ಹೋಯಿತು. ಆಸ್ಪತ್ರೆಯಲ್ಲಿ ಮಾತಿನ ತರಬೇತಿ ಕೊಡುವ ಹುಡುಗಿ ಒಂದು ಆಸೆ ಹುಟ್ಟಿಸಿದಳು. ಹೆಂಡತಿ ಬರೆದದ್ದನ್ನು ಅವಳದೇ ಧ್ವನಿಯಲ್ಲಿ ಹೇಳುವ ಯಂತ್ರವಿದೆಯಂತೆ.

“ಅವರ ಹಳೇ ರೆಕಾರ್ಡಿಂಗ್ ಬೇಕು ಸರ್. ಸ್ಪಷ್ಟವಾಗಿರಬೇಕು, ಫೋನಲ್ಲಿರೋ ಚೂರುಪಾರು ಸಾಲಲ್ಲ. ನಿಮಗೇನು ಬಿಡಿ, ಮನೇಲೇ ಸ್ಟುಡಿಯೋ!”

ಹೆಂಡತಿ ಅವನ ಮುಖ ನೋಡಿ ನಕ್ಕಳು. ಆ ನಗುವಿನಲ್ಲಿ ಪೂರ್ತಿ ನಂಬಿಕೆಯಿತ್ತು. ಅದೇ ಅವನ ಎದೆಗೆ ಚುಚ್ಚಿದ್ದು.

ಮರುದಿನ ಬೆಳಿಗ್ಗೆಯಿಂದಲೇ ಹೆಡ್‌ಫೋನ್ ಹಾಕಿಕೊಂಡು ಹಳೆಯ ಫೈಲುಗಳನ್ನೆಲ್ಲ ಜಾಲಾಡಿದ. ಊರವರ ಧ್ವನಿಯೆಲ್ಲ ಇತ್ತು, ಯಾರೋ ನೆಗಡಿಯವನ ಕೆಮ್ಮು ಕೂಡ ಇತ್ತು. ಅವಳದು ಮಾತ್ರ ಇಲ್ಲ. ಎಲ್ಲಿಂದ ಇರಬೇಕು? ಅವನ ಮೈಕು ಎದುರಿನದನ್ನು ಚೆನ್ನಾಗಿ ಕೇಳಿಸಿಕೊಳ್ಳುವ, ಬೆನ್ನ ಹಿಂದಿನದಕ್ಕೆ ಅರೆಗಿವುಡಾಗುವ ಜಾತಿಯದು. ಬಾಗಿಲಿನ ಕಡೆ ಅದರ ಬೆನ್ನು ಬರುವಂತೆ ಅವನೇ ನಿಲ್ಲಿಸಿದ್ದ. ಹಾಗೂ ನುಸುಳಿ ಬಂದ ಅವಳ ದನಿಯನ್ನು ಗದ್ದಲವೆಂದು ಕತ್ತರಿಸಿ ಎಸೆದಿದ್ದ. ಆ ಕೆಲಸದಲ್ಲಿ ಅವನದು ಎತ್ತಿದ ಕೈ.

ಕತ್ತರಿಸಲು ಮರೆತ ಒಂದು ಫೈಲು ಕೊನೆಗೂ ಸಿಕ್ಕಿತು. ದೂರದಲ್ಲೆಲ್ಲೋ ಅವಳು, “ಊಟ ಆರ್ತಾ ಇದೆ, ಬರ್ತೀರಾ...” ಸದ್ದನ್ನು ಹಿಗ್ಗಿಸುವ ಗೇನ್ ಏರಿಸಿದ. ಅವಳ ದನಿಯ ಜೊತೆಗೆ ಮೈಕಿನ ಹಿಸ್ಸೆನ್ನುವ ಸದ್ದೂ ಏರಿತು. ಇನ್ನೂ ಏರಿಸಿದ. ಆಗ ಕಿವಿ ಹರಿಯುವಂತೆ ಬಂತು ಅವನದೇ ‘ಶ್!’ ಇಡೀ ಫೈಲಿನಲ್ಲಿ ಅದೊಂದೇ ಸ್ಪಷ್ಟವಾಗಿತ್ತು. ಹೆಡ್‌ಫೋನ್ ಕಿತ್ತಿಟ್ಟು ಬಿಕ್ಕಿ ಬಿಕ್ಕಿ ಅತ್ತ.

ಆಮೇಲೆ ಏನು ತೋಚಿತೋ, ಬಾಗಿಲು ತೆರೆದಿಟ್ಟ, ಮೈಕಿನ ಮುಖವನ್ನು ಅತ್ತ ತಿರುಗಿಸಿದ, ರೆಕಾರ್ಡಿಂಗ್ ಶುರು ಮಾಡಿದ. ಇದರಿಂದ ಯಂತ್ರಕ್ಕೇನೂ ಉಪಯೋಗವಿಲ್ಲವೆಂದು ಗೊತ್ತಿತ್ತು. ಅವಳ ಹೆಜ್ಜೆಯ ಸದ್ದಾದರೂ ಸಿಗಲಿ ಎಂದು, ಸದ್ದಾದರೆ ಕುಣಿಯುವ ಮೀಟರಿನ ಮುಳ್ಳನ್ನೇ ನೋಡುತ್ತ ಕಾದು ಕೂತ.

ಊಟಕ್ಕೆ ಕರೆಯಲು ಅವಳು ಬಂದಳು. ಹೊಸ್ತಿಲಲ್ಲಿ ನಿಂತು ತಲೆಯೆತ್ತಿ ನೋಡಿದಳು. ಕೆಂಪು ದೀಪ ಉರಿಯುತ್ತಿತ್ತು. ‘ಬಾರೇ’ ಎನ್ನಬೇಕೆಂದು ಅವನು ಬಾಯಿ ತೆರೆದ. ಮಾತು ಹೊರಡುವ ಮೊದಲೇ ಅವಳು ತುಟಿಯ ಮೇಲೆ ಬೆರಳಿಟ್ಟುಕೊಂಡು, ‘ಇಲ್ಲ, ಇಲ್ಲ, ಸದ್ದು ಮಾಡಲ್ಲ’ ಎಂಬಂತೆ ತಲೆಯಾಡಿಸಿದಳು. ಆಮೇಲೆ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡು, ತುದಿಗಾಲಲ್ಲಿ ವಾಪಸ್ಸು ಹೋದಳು.

ಮೀಟರಿನ ಮುಳ್ಳು ಕದಲಲಿಲ್ಲ.