ಸಾರವೆಗೆ ಹಾಕಿದ ಕೊಂಡಿ

"ಅಮರೇಶಪ್ಪಣ್ಣಾ, ನನ್ನ ಪಾಸ್ ಮುಗದೈತಂತ್ರಿ! ಒಳಗ ಬಿಡವಲ್ರು!"

ಗೇಟಿನ ಆಚೆಯಿಂದ ಸೂಗಪ್ಪ ಕೂಗಿದ್ದು ಶೆಡ್ಡಿನೊಳಗಿದ್ದ ನನಗೆ ಕೇಳಿತು.

ಹೈದರಾಬಾದಿನ ಜೀಡಿಮೆಟ್ಲಾದಲ್ಲಿರುವ ನಮ್ಮ ಕಾರ್ಖಾನೆ ಔಷಧ ಕಂಪನಿಗಳಿಗೆ ದೊಡ್ಡ ಟ್ಯಾಂಕು ಮಾಡಿಕೊಡುತ್ತದೆ. ವೆಲ್ಡರುಗಳು ನಿಲ್ಲಲು ಟ್ಯಾಂಕಿನ ಸುತ್ತ ಪೈಪು, ಹಲಗೆ ಬಿಗಿದು ಸಾರವೆ ಕಟ್ಟುವವನು ಸೂಗಪ್ಪ. ಗುತ್ತಿಗೆ ಆಳು. ನಾನು ಅವನ ಸೂಪರ್‌ವೈಸರ್. ಹೊಸ ಶೆಡ್ಡಿನ ಪೂಜೆಯ ದಿನ ಯಾರ ಪಾಸ್ ಚಾಲ್ತಿಯಲ್ಲಿರುತ್ತದೋ ಅವರನ್ನು ಕಾಯಂ ಮಾಡುತ್ತೇನೆ ಎಂದು ಮಾಲೀಕರು ಹೇಳಿದ್ದರು. ಪೂಜೆ ಬರುವ ಸೋಮವಾರ.

ಪಾಸ್ ಕೊಡುವುದು ಕಂಪ್ಯೂಟರಿನ ವೇಳಾಪಟ್ಟಿ ನೋಡಿ. ಮೊದಲು ಅದರಲ್ಲಿ ವೆಲ್ಡಿಂಗಿನ ಅವಧಿ ಬೇರೆ, ಸಾರವೆಯ ಅವಧಿ ಬೇರೆ ಹಾಕುತ್ತಿದ್ದರು. ವೆಲ್ಡಿಂಗ್ ತಡವಾದಾಗ ಸಾರವೆಯ ಅವಧಿ ಇದ್ದಲ್ಲೇ ಇರುತ್ತಿತ್ತು. ಕೆಲಸದ ನಡುವೆಯೇ ಇವನ ಪಾಸ್ ಮುಗಿದು, ಪ್ರತಿ ಸಲ ನಾನು ಗೇಟಿನವರ ಜೊತೆ ಜಗಳ ಕಾಯಬೇಕಿತ್ತು. ಕಳೆದ ವರ್ಷ ಪ್ಲಾನಿಂಗಿನ ವೈಜನಾಥ ಎರಡಕ್ಕೂ ಕೊಂಡಿ ಹಾಕಿದ. ವೆಲ್ಡಿಂಗ್ ಎಷ್ಟು ದಿನವೋ ಸಾರವೆಯೂ ಅಷ್ಟೇ ದಿನ. ಅದು ಬೆಳೆದರೆ ಇದೂ ತಾನಾಗಿ ಬೆಳೆಯುತ್ತದೆ. ಸೂಗಪ್ಪ ಖುಷಿಯಿಂದ ಅವನಿಗೆ ಉಸ್ಮಾನಿಯಾ ಬಿಸ್ಕೀಟು ತಂದುಕೊಟ್ಟಿದ್ದ.

ನಾನು ಪ್ಲಾನಿಂಗ್ ಕೋಣೆಗೆ ನುಗ್ಗಿದೆ.

"ಯಾವನೋ ಸೂಗಪ್ಪನ ದಿನ ಕತ್ತರಿಸಿದ್ದು?"

"ಅವನ ದಿನ ನಾ ಮುಟ್ಟಿಲ್ರಿ," ಎಂದ ವೈಜನಾಥ. "ಮ್ಯಾನೇಜರ್ ಸಾಹೇಬ್ರು ವೆಲ್ಡಿಂಗ್ ಅರ್ಧಕ್ಕ ಇಳಸು ಅಂದ್ರು. ಮುಂಬೈ ಗಿರಾಕಿಗೆ ಕಳಸೋ ಪಟ್ಟಿಯೊಳಗ ಕೆಲಸ ಮುಗದಂಗ ಕಾಣಬೇಕಂತ. ಅದು ಇಳೀತು, ಅದರ ಸಂಗಟ ಇದೂ ಇಳೀತು."

"ಹೊರಗ ಇನ್ನೂ ಕಿಡಿ ಹಾರಾಕತ್ತಾವಲ್ಲೋ! ಕಣ್ಣಿಲ್ಲೇನು?"

"ಸ್ಕ್ರೀನ್ ಮ್ಯಾಲ ಮುಗದೈತ್ರಿ."

"ಆ ಕೊಂಡಿ ಕಿತ್ತೊಗಿ. ಅವನ ದಿನ ಮೊದಲಿನಂಗ ಮಾಡು."

"ಕೀಳಾಕ ಎಷ್ಟೊತ್ತು ಬೇಕ್ರಿ? ಸಾಹೇಬ್ರು ಹೂಂ ಅನಬೇಕಲ್ಲ."

ಮ್ಯಾನೇಜರ್ ನರಹರಿಯವರ ಕೋಣೆಗೆ ಹೋಗಿ ಅದನ್ನೇ ಕೇಳಿದೆ. ಅವರು ತಲೆ ಎತ್ತಲೂ ಇಲ್ಲ. "ವೆಲ್ಡಿಂಗ್ ಮುಗಿದ ಮೇಲೂ ಸಾರವೆ ಯಾಕಿದೆ ಅಂತ ಗಿರಾಕಿ ಕೇಳಿದರೆ ನೀವು ಉತ್ತರ ಕೊಡ್ತೀರಾ?"

"ಕೊಡ್ತೀನ್ರಿ. ನೀವು ಸುಳ್ಳು ಬರಸೀರಿ ಅಂತೀನಿ."

"ಅನ್ನಿ. ಆಮೇಲೆ ನಿಮ್ಮ ನೌಕರಿನೂ ನೋಡೋಣ."

ಮೇಜು ಗುದ್ದಿದೆ. ಅವರ ಚಹಾ ಚೆಲ್ಲಿತು. ನನ್ನ ಕೈಯಿಂದ ಆದದ್ದು ಅಷ್ಟೇ.

ಗೇಟಿಗೆ ಬಂದು ಸೂಗಪ್ಪನಿಗೆ ಹೇಳಿದೆ. "ಹಂಗಾದ್ರ ಬಿಸ್ಕೀಟ್ ವಾಪಸ್ ಕೇಳ್ರಿ," ಎಂದು ನಗಲು ನೋಡಿದ. ಆಗಲಿಲ್ಲ.

ಸೋಮವಾರ ತೆಲಂಗಾಣ ಸರ್ಕಾರದ ಮಂತ್ರಿಯೊಬ್ಬರು ಬಂದು ರಿಬ್ಬನ್ ಕತ್ತರಿಸಿದರು. ಕಾಯಂ ಆದವರ ಹೆಸರು ಮೈಕಿನಲ್ಲಿ ಓದಿದರು. ಅವರಲ್ಲಿ ಕ್ಯಾಂಟೀನಿನಲ್ಲಿ ತಟ್ಟೆ ತೊಳೆಯುವವನೂ ಇದ್ದ. ಸೂಗಪ್ಪ ರಸ್ತೆಯ ಆಚೆ ನಿಂತು ಕೊನೆಯ ಹೆಸರಿನ ತನಕ ಕೇಳಿದ.

ಮಂಗಳವಾರ ವೆಲ್ಡಿಂಗ್ ನಡೆದೇ ಇತ್ತು. ಸಾರವೆಯ ಹಲಗೆಯೊಂದು ಸಡಿಲಾಗಿ ವೆಲ್ಡರುಗಳು ಕೆಳಗಿಳಿದು ಕೂತರು. ನರಹರಿ ಗುತ್ತಿಗೆದಾರನಿಗೆ ಫೋನು ಮಾಡಿ, ಪಟ್ಟಿಯಲ್ಲಿ ಸಾರವೆ ಮುಗಿದಿದೆ, ಸಫಾಯಿ ಕೆಲಸದ ಹೆಸರಿನಲ್ಲಿ ಒಬ್ಬನನ್ನು ಕಳಿಸು ಎಂದರು.

ಬಂದವನು ಸೂಗಪ್ಪ. ಹೊಸ ಪಾಸು, ಹೊಸ ನಂಬರು, ಮೊದಲ ದಿನ. ಹೊಸಬರಿಗೆ ಕೇಳುವ ಪ್ರಶ್ನೆಯನ್ನು ಗೇಟಿನವನು ನೆಲ ನೋಡುತ್ತಲೇ ಕೇಳಿದ: "ಮುಂಚೆ ಇಲ್ಲಿ ಕೆಲಸ ಮಾಡಿದ್ದೀಯೇನು?"

"ಇಲ್ರಿ," ಎಂದು ಸೂಗಪ್ಪ ಒಳಗೆ ಬಂದ. ಬೆಲ್ಟು ಬಿಗಿದುಕೊಂಡು ಸಾರವೆ ಹತ್ತಿದ.